ಬೇರಿನ ಔಷಧ ಕೊಟ್ಟ ಕಾಕಾ

ಹೋದ ವಾರ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಒಣಗಿದ ಬೇರಿನ ತುಂಡೊಂದನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಇದು ಸರ್ಪಗಂಧಿ ಹೌದಲ್ಲರಿ?" ಎಂದು ಕೇಳಿದಳು. ಉಗುರಿನಿಂದ ತೊಗಟೆ ಕೆರೆದು ನಾಲಿಗೆಯ ತುದಿಗೆ ಮುಟ್ಟಿಸಿದೆ. ಆ ಕಹಿ ಗಂಟಲಿಗೆ ಇಳಿಯುವ ಮೊದಲೇ ಗುಡಗೇರಿಯ ಸ್ಟೇಶನ್ ರಸ್ತೆಯ ಒಂದು ಕೋಣೆ, ಸ್ಪಿರಿಟ್ ವಾಸನೆ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಸಾಲು, ಒಳಗೆ ಬಿಳೀ ಅಂಗಿ ತೊಟ್ಟು ಕೂತ ಕಂಪೌಂಡರ್ ಕಾಕಾ... ಎಲ್ಲವೂ ಬಂದು ಎದುರು ನಿಂತವು. ಅವರು ತೀರಿಕೊಂಡು ಬಹಳ ವರ್ಷಗಳಾದವು. ನನ್ನ ಸಿಟ್ಟು ಇನ್ನೂ ತೀರಿಲ್ಲ. 'ಅವರು' ಎಂದೇ ಬರೆಯುತ್ತಿದ್ದೇನೆ. ಗೌರವಕ್ಕಲ್ಲ, ರೂಢಿ ಬಿಡುವುದಿಲ್ಲ.

ಕಾಕಾ ಡಾಕ್ಟರ್ ಅಲ್ಲ. ಹುಬ್ಬಳ್ಳಿಯ ಡಾಕ್ಟರೊಬ್ಬರ ಕೈಕೆಳಗೆ ಔಷಧ ಕಟ್ಟಿಕೊಡುತ್ತಿದ್ದವರು. ಆ ಡಾಕ್ಟರ್ ತೀರಿಕೊಂಡ ಮೇಲೆ ನಮ್ಮೂರಿಗೆ ಬಂದು ತಾವೇ ಕೋಣೆ ತೆರೆದರು. ಬಿಪಿ ನೋಡುವ ಯಂತ್ರ ಊರಲ್ಲಿ ಇದ್ದದ್ದು ಅವರೊಬ್ಬರ ಹತ್ತಿರ. ಯಾರ ಮೇಲೂ ದನಿ ಏರಿಸಿದವರಲ್ಲ. ಕರೆದರೆ ಮಳೆಯಲ್ಲೂ ಸೈಕಲ್ ಹತ್ತಿ ಬರುತ್ತಿದ್ದರು. ದೇವರಂಥ ಮನುಷ್ಯ ಎಂದು ಊರೇ ಹೇಳುತ್ತಿತ್ತು. ನಾನೂ ಹೇಳಿದ್ದೇನೆ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮವ್ವ ಜೋರಿನ ಹೆಂಗಸು. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳೊಂದಿಗೆ ಜಗಳಾಡಿ, ಅದೇ ಬಾಯಲ್ಲಿ ಅವಳ ಮಗಳ ಬಾಣಂತನ ವಿಚಾರಿಸಿ ಬರುತ್ತಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಓಣಿಯ ಆಚೆ ಮನೆಯವರೊಂದಿಗೆ ಮಾತಾಡುವಷ್ಟು ಗಂಟಲು. ನಾನು ಹುಬ್ಬಳ್ಳಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ, ದಿನಾ ರೈಲಿಗೆ ಹೋಗಿಬರುತ್ತಿದ್ದ ಹೊಸತರಲ್ಲಿ ಆಕೆಗೆ ತಲೆನೋವು ಶುರುವಾಯಿತು. ಕಾಕಾ ಬಂದು ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಬಿಪಿ ವಿಪರೀತ ಇತ್ತು. ನಮ್ಮ ದೊಡ್ಡವ್ವ ಬಿಪಿ ಏರಿ ಲಕ್ವಾ ಹೊಡೆದು ಹೋಗಿ ವರ್ಷವೂ ಆಗಿರಲಿಲ್ಲ. ಎಲ್ಲರೂ ಹೆದರಿದೆವು.

"ಬೇರಿನ ಔಷಧ ಐತಿ ಇದು, ಏನೂ ತ್ರಾಸಿಲ್ಲ. ಒಂದ ದಿನಾನೂ ತಪ್ಪಸಬ್ಯಾಡ್ರಿ," ಎಂದು ಕಾಗದದ ಪೊಟ್ಟಣದಲ್ಲಿ ಸಣ್ಣ ಗುಳಿಗೆ ಕಟ್ಟಿಕೊಟ್ಟರು. ರೈಲಿಗೆ ಹೊರಡುವ ಮೊದಲು ದಿನಾ ನಾನೇ ಅವ್ವನ ಅಂಗೈಯಲ್ಲಿ ಗುಳಿಗೆ ಇಟ್ಟು, ನುಂಗಿದ್ದು ನೋಡಿಯೇ ಹೋಗುತ್ತಿದ್ದೆ.

ತಲೆನೋವು ನಿಂತಿತು. ಅದರ ಹಿಂದೆಯೇ ಅವ್ವನೂ ನಿಂತುಬಿಟ್ಟಳು... ಮೊದಲು ಸಂತೆಗೆ ಹೋಗುವುದು ಬಿಟ್ಟಳು, ಆಮೇಲೆ ಮಾತು ಬಿಟ್ಟಳು. ಎಬ್ಬಿಸಿದರೆ ಏಳುವಳು, ಕೂಡಿಸಿದರೆ ಕೂಡುವಳು. ಉಳಿದ ಹೊತ್ತೆಲ್ಲ ರೆಪ್ಪೆ ಅರ್ಧ ಇಳಿಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿರುವಳು. ಹೇಳಿ ಕಳಿಸಿದಾಗಲೆಲ್ಲ ಕಾಕಾ ಬಂದು ಬಿಪಿ ನೋಡಿ "ಅಗದಿ ಚಲೋ ಐತಿ" ಅನ್ನುವರು. ಗುಳಿಗೆ ಮುಂದುವರಿಯುವುದು. ಹೀಗೆ ಮೂರು ವರ್ಷ.

ಅಷ್ಟರಲ್ಲಿ ತಂಗಿ ಚೊಚ್ಚಲ ಹೆರಿಗೆಗೆ ಅಣ್ಣಿಗೇರಿಯ ಗಂಡನ ಮನೆಯಿಂದ ಬಂದಳು. ಹೆಣ್ಣು ಕೂಸು. ತಂದು ಅವ್ವನ ಮಗ್ಗುಲಿಗೆ ಮಲಗಿಸಿದರೆ ಅವ್ವ ಒಮ್ಮೆ ನೋಡಿ ಆ ಕಡೆ ಹೊರಳಿದಳು. ಕೂಸಿಗೆ ಎರೆಯಲಿಲ್ಲ, ಎತ್ತಲಿಲ್ಲ. ಓಣಿಯ ಮುದುಕಿಯೊಬ್ಬಳು ಬಂದು ನೀರು ಹಾಕಿ ಹೋಗುತ್ತಿದ್ದಳು. ಹನ್ನೆರಡನೆಯ ದಿನ ಕಾಕಾ ಬಂದಾಗ ತಂಗಿ ಅಳುತ್ತ ಕೇಳಿದಳು, "ಕಾಕಾ, ಅವ್ವಗ ಏನಾಗೇತ್ರಿ?"

ಕಾಕಾ ಅವ್ವನ ತೋಳಿನ ಪಟ್ಟಿ ಬಿಚ್ಚುತ್ತ ಮೆತ್ತಗೆ ಅಂದರು: "ಏನೂ ಆಗಿಲ್ಲವಾ. ಬಿಪಿ ಬರೋಬ್ಬರಿ ಐತಿ. ಗಂಡ ಕೂಸಿನ ಆಸೆ ಇತ್ತು ಕಾಣಸ್ತೈತಿ ನಿಮ್ಮವ್ವಗ. ಹೆಣ್ಣು ಮನಸಿಗೆ ಬಂದಿಲ್ಲ."

ಅವ್ವ ಅಲ್ಲೇ ಇದ್ದಳು. ಕೇಳಿಸಿರಬೇಕು. ಅಲ್ಲ ಅನ್ನುವಷ್ಟು ತ್ರಾಣ ಆಕೆಯಲ್ಲಿ ಉಳಿದಿರಲಿಲ್ಲ. ಮರುದಿನವೇ ತಂಗಿ ಕೂಸನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಅಣ್ಣಿಗೇರಿಗೆ ಹೊರಟಳು. ಹಸೀ ಬಾಣಂತಿ, ತಡೆದರೂ ನಿಲ್ಲಲಿಲ್ಲ...

ಅದಾಗಿ ಕೆಲವು ತಿಂಗಳಿಗೆ ನಮ್ಮ ಪ್ರೊಫೆಸರರು ಹೊಸ ಪ್ರಯೋಗ ಶುರು ಮಾಡಿದರು. ಮೆದುಳಿನಲ್ಲಿ ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಸಿರೊಟೊನಿನ್, ಡೋಪಮಿನ್ ಎಂಬಂಥ ರಾಸಾಯನಿಕಗಳಿವೆ. ಕೆಲಸ ಮುಗಿದ ಮೇಲೆ ಅವು ಒಡೆದು ಬೇರೆ ವಸ್ತುಗಳಾಗುತ್ತವೆ. ಔಷಧ ಕೊಟ್ಟರೆ ಆ ಒಡೆದ ವಸ್ತು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಇಲಿಗಳ ಮೆದುಳು ತೆಗೆದು ಅಳೆಯುವುದು ನಮ್ಮ ಕೆಲಸ. ಒಂದು ದಿನ ಆರು ಇಲಿಗಳಿಗೆ ನಾನೇ ಸೂಜಿ ಚುಚ್ಚಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವು ಪಂಜರದ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ರೆಪ್ಪೆ ಅರ್ಧ ಇಳಿಬಿಟ್ಟು ಕೂತಿದ್ದವು. ಕಾಳು ಹಾಕಿದರೆ ಮೂಸಲಿಲ್ಲ. ಕಡ್ಡಿಯಿಂದ ಸರಿಸಿದರೆ ಸರಿದು, ಸರಿಸಿದಲ್ಲೇ ಕೂತವು. ಎದ್ದು ಪ್ರೊಫೆಸರರ ಹತ್ತಿರ ಹೋದೆ.

"ಸರ್, ಇದು ಯಾವ ಔಷಧರಿ?"

"ರಿಸರ್ಪಿನ್. ಸರ್ಪಗಂಧಿ ಬೇರಿಂದ ತಗದದ್ದು. ಮೊದಲ ಬಿಪಿಗೆ ಭಾಳ ಕೊಡತಿದ್ರು. ಕೆಲವರ ಮನಸ್ಸ ಪೂರಾ ಕುಸದ ಬಿಡತಿತ್ತು. ಅದಕ್ಕ ಈಗ ಕಡಿಮಿ ಮಾಡ್ಯಾರ."

ಸಂಜೆ ಅಂಕಿಗಳು ಬಂದವು. ಸಿರೊಟೊನಿನ್ ತಳ ಕಂಡಿತ್ತು. ಅದು ಒಡೆದು ಆಗುವ ವಸ್ತು ಮಾತ್ರ ಏರಿ ಕೂತಿತ್ತು. ಈ ಔಷಧ ಬಿದ್ದರೆ ನರದೊಳಗಿನ ಸಂಗ್ರಹ ನಿಲ್ಲುವುದಿಲ್ಲ, ಸುದ್ದಿ ಮುಟ್ಟಿಸುವ ಮೊದಲೇ ಸೋರಿ ಒಡೆದುಹೋಗುತ್ತದೆ ಎಂದು ಪ್ರೊಫೆಸರರು ವಿವರಿಸಿದರು. ನಾನು ವಹಿಯಲ್ಲಿ ಬರೆದುಕೊಂಡೆ. ಮೂರು ವರ್ಷ ಅವ್ವನಿಗೆ ಗುಳಿಗೆ ಕೊಟ್ಟದ್ದೂ ಅದೇ ಕೈ.

ಮರುದಿನ ರೈಲು ಬಿಟ್ಟು ಕಾಕಾನ ಕೋಣೆಗೆ ಹೋಗಿ, ಅವ್ವನ ಗುಳಿಗೆಯ ಡಬ್ಬಿ ತೋರಿಸಿರಿ ಎಂದೆ. ಡಬ್ಬಿಯ ಮೇಲೆ ಅದೇ ಹೆಸರು. ಕಂಡದ್ದೆಲ್ಲ ಹೇಳಿದೆ. ಅವರು ನಕ್ಕರು.

"ನೀ ಇಲಿಗೋಳಿಗೆ ಔಷಧ ಕೊಡಾಕಿ ಯವ್ವಾ, ನಾ ಮನಶಾರಿಗೆ ಕೊಡಾಂವ. ನಿಮ್ಮ ದೊಡ್ಡವ್ವನಂಗ ನಿಮ್ಮವ್ವ ಹೋಗಿಲ್ಲ, ಇದ್ದಾಳ. ಅದನ್ನ ನೋಡು."

ಅದು ಪೂರ್ತಿ ಸುಳ್ಳೂ ಅಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

"ಅದಕ್ಕ ಇರೂದು ಅಂತಾರೇನ್ರಿ? ಹೋಗ್ಲಿ. ನನ್ನ ತಂಗಿ ಮುಂದ ಗಂಡ ಕೂಸಿನ ಮಾತ ಯಾಕ ಆಡಿದ್ರಿ? ಅಣ್ಣಿಗೇರಿಗೆ ಬರ್ರಿ. ಅವ್ವ ಹಂಗಾಗಿದ್ದು ಗುಳಗಿಯಿಂದ ಅಂತ ಅಕಿ ಮುಂದ ಒಂದ ಸಲ ಹೇಳ್ರಿ, ಸಾಕು."

ಅವರ ನಗು ಹೋಯಿತು. ಹೊರಗೆ ಕೂತವರ ಕಡೆ ನೋಡಿ ದನಿ ಇಳಿಸಿದರು. "ಹಂಗ ಹೇಳಿದ್ರ ನಾಳಿಂದ ನನ್ನ ಕಡೆ ಯಾರ ಬರ್ತಾರ ಬೇ?"

ತಿಳಿಯದೆ ಮಾಡಿದ ತಪ್ಪಾಗಿದ್ದರೆ ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಆ ಮಾತು ಕೇಳಿದ ಮೇಲೆ ಆಗಲಿಲ್ಲ. ಮುಂದೆ ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ನಡೆದೆ.

ಅವ್ವನನ್ನು ಹುಬ್ಬಳ್ಳಿಯಲ್ಲಿ ಬೇರೆ ಡಾಕ್ಟರಿಗೆ ತೋರಿಸಿದೆ, ಅವರು ಆ ಗುಳಿಗೆ ನಿಲ್ಲಿಸಿ ಬೇರೆ ಕೊಟ್ಟರು. ಎರಡು ತಿಂಗಳು ಏನೂ ಕಾಣಲಿಲ್ಲ. ಆಮೇಲೊಂದು ಮುಂಜಾನೆ ಅವ್ವ ತಾನಾಗಿ ಒಲೆಯ ಮುಂದೆ ಕೂತು, "ಈ ಹಿಟ್ಟ ಯಾರ ಬೀಸಿಸ್ಯಾರ? ರವಾ ಇದ್ದಂಗ ಐತಿ," ಎಂದು ಬೈದಳು. ನಾನು ನಿಂತಲ್ಲೇ ಅತ್ತುಬಿಟ್ಟೆ. ರೊಟ್ಟಿ ಬಡಿಯುವುದು ನಿಲ್ಲಿಸಿ ಆಕೆ ಕೇಳಿದಳು, "ಕೂಸ ಎಲ್ಲೈತಿ?"

ವಹಿ ಹಿಡಿದು ಅಣ್ಣಿಗೇರಿಗೆ ಹೋದೆ. ತಂಗಿ ಪೂರ್ತಿ ಕೇಳಿದಳು. "ಅಕ್ಕಾ, ಅದು ನಿನ್ನ ಇಲಿ ಲೆಕ್ಕ. ನಾ ನೋಡಿದ್ದು ಅವ್ವನ ಬೆನ್ನು. ಕಾಕಾ ಯಾಕ ಸುಳ್ಳ ಹೇಳ್ತಾರ?" ಎಂದಳು. ವಹಿ ಮುಚ್ಚಿಕೊಂಡು ಊರಿಗೆ ಹೊರಟೆ.

ಅವ್ವ ಮೊಮ್ಮಗಳನ್ನು ಮತ್ತೆ ಕಂಡದ್ದು ಬಳಗದ ಮದುವೆಯೊಂದರಲ್ಲಿ. ಆಗ ಹುಡುಗಿಗೆ ಆರು ವರ್ಷ. ಎತ್ತಿಕೊಳ್ಳಲು ಅವ್ವ ಬಗ್ಗಿ ಕೈ ಚಾಚಿದಳು. ಹುಡುಗಿ ತಾಯಿಯ ಸೀರೆಯ ಹಿಂದೆ ಸರಿದಳು. ತಂಗಿ ಅವಳನ್ನು ಮುಂದೆ ತರಲಿಲ್ಲ.

ಅವ್ವ ಈಗ ಇಲ್ಲ. ಮೊನ್ನೆ ಊರಿನಿಂದ ಫೋನ್ ಬಂತು. ಹೊಸ ವಾಚನಾಲಯದಲ್ಲಿ ಕಾಕಾನ ಫೋಟೋ ಹಾಕುತ್ತಾರಂತೆ, ಕಲಿತವರು ನೀವು, ಎರಡು ಮಾತು ಬರೆದು ಕೊಡ್ರಿ ಎಂದರು. ಬರೆಯುವುದಿಲ್ಲ ಎಂದೆ. "ಯಾಕ್ರಿ? ನಿಮ್ಮವ್ವನ್ನ ಉಳಸಿದವ್ರ ಅವರಲ್ಲೇನ್ರಿ?" ಎಂದು ಆ ಕಡೆಯಿಂದ ಕೇಳಿದರು. ಫೋನ್ ಇಟ್ಟುಬಿಟ್ಟೆ.

ಕೂತಲ್ಲಿ ಕೂಡಲಾಗದೆ ತಂಗಿಗೆ ಫೋನ್ ಹಚ್ಚಿದೆ. ಎತ್ತಿದ್ದು ಆಕೆಯ ಮಗಳು. "ಯಾರ್ರಿ ಮಾತಾಡೂದು?" ಎಂದಳು. ಹೆಸರು ಹೇಳಿದೆ. ಸ್ವಂತ ದೊಡ್ಡವ್ವನ ಗುರುತು ಆಕೆಗೆ ಹತ್ತಲಿಲ್ಲ. ಯಾವ ಊರಿನವಳು ಎನ್ನುವುದನ್ನೂ ಹೇಳಬೇಕಾಯಿತು.