ದಾಕ್ಷಾಯಣಿ ಟೀಚರ ಬಾಯಲ್ಲಿನ ಲವಂಗ

ಕೇರಳದ ಕುಟ್ಟನಾಡಿನಲ್ಲಿ ಹುಟ್ಟಿ, ಐವತ್ತೊಂದು ವರ್ಷ ನೀರಿನ ನಡುವೆಯೇ ಬಾಳಿ, ಈಜು ಬಾರದ ಗಂಡಸು ನಾನೊಬ್ಬನೇ ಇರಬೇಕು. ಈ ಗುಟ್ಟನ್ನು ಹೆಂಡತಿಗೂ ಹೇಳಿರಲಿಲ್ಲ. ಕಳೆದ ಜುಲೈಯ ಒಂದು ಸೋಮವಾರ ಬೆಳಿಗ್ಗೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು ಶಾಲೆಯ ದೋಣಿಯ ಅಂಚಿಗೆ ಕಾಲಿಟ್ಟೆ. ದೋಣಿ ಆಚೆ ಸರಿಯಿತು, ದೋಣಿ ಹತ್ತುವ ಕಡವಿನ ಮೆಟ್ಟಿಲು ಈಚೆ ಉಳಿಯಿತು, ಗಣಿತ ಕಲಿಸುವ ಮಾಷು ಕುರುವಿಳ ಎಂಬ ನಾನು ನಡುವೆ ಇಳಿದೆ. ಉಟ್ಟ ಮುಂಡು ಮಾತ್ರ ಮೇಲೆ ತೇಲಿತು. ನೋಡುವುದಕ್ಕೆ ಹದಿನೆಂಟು ಮಕ್ಕಳು, ಅಂಬಿಗ ಪಾಪ್ಪಚ್ಚನ್, ದಾಕ್ಷಾಯಣಿ ಟೀಚರ್, ಸಾಲದ್ದಕ್ಕೆ ಶಿಕ್ಷಣಾಧಿಕಾರಿಗಳು.

ಅಧಿಕಾರಿಗಳು ಯಾಕೆ ಬಂದಿದ್ದರು ಎಂಬುದನ್ನು ನಾನು ನೀರಿನಲ್ಲಿರುವಾಗಲೇ ಹೇಳಿಬಿಡುತ್ತೇನೆ.

ದಾಕ್ಷಾಯಣಿ ಟೀಚರ್ ಇಪ್ಪತ್ತಾರು ವರ್ಷದ ಹಿಂದೆ ಶಾಲೆಗೆ ಬಂದವರೇ ಒಂದು ಪದ್ಧತಿ ಹಾಕಿದರು. ಏಳನೆಯ ತರಗತಿಯವರು ವಾರಕ್ಕೊಬ್ಬರಂತೆ ಕಡವಿನ ಲೀಡರು. ಯಾರು ಎಲ್ಲಿ ಕೂರಬೇಕು, ದೋಣಿ ಯಾವಾಗ ಹೊರಡಬೇಕು, ಎಲ್ಲ ಲೀಡರ ಮಾತು. ಆ ಮಾತು ಬರುವವರೆಗೆ ಪಾಪ್ಪಚ್ಚನ್ ದೋಣಿ ನೂಕುವ ಗಳ ಎತ್ತುವುದಿಲ್ಲ, ಹೆಡ್‌ಮಾಸ್ಟರು ಗದರಿದರೂ ಇಲ್ಲ. ಒಮ್ಮೆ ಒಬ್ಬ ಲೀಡರು ಗೆಳೆಯನ ಚಪ್ಪಲಿ ಹುಡುಕುತ್ತ ಅರ್ಧ ಗಂಟೆ ದೋಣಿ ನಿಲ್ಲಿಸಿದ. ಟೀಚರ್ ಕೂತೇ ಇದ್ದರು. ಶಾಲೆಗೆ ಹೋಗಿ ತಡವಾದವರ ಪುಸ್ತಕದಲ್ಲಿ ಮೊದಲು ತಾವೇ ಸಹಿ ಹಾಕಿದರು. ಮರುದಿನ ಆ ಹುಡುಗ ಹತ್ತು ನಿಮಿಷ ಮೊದಲೇ ಕಡವಿನಲ್ಲಿದ್ದ. ದೋಣಿ ಹತ್ತುವಾಗ ಟೀಚರ್ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಾರೆ. ಹಲ್ಲುನೋವೇ ಎಂದು ಕೇಳಿದ್ದೆ. "ಇಲ್ಲ ಮಾಷೇ, ಬಾಯಿ ಸುಮ್ನಿರ್ಬೇಕಲ್ಲ" ಎಂದಿದ್ದರು.

ಈ ವರ್ಷ ಪೋಷಕರ ಸಂಘದ ಅಧ್ಯಕ್ಷ ಕುಂಜುಮೋನ್ ತಕರಾರು ಎತ್ತಿದ. ತರಗತಿಗೇ ಮೊದಲಿಗನಾದ ತನ್ನ ಮಗನೇ ವರ್ಷಪೂರ್ತಿ ಲೀಡರಾಗಲಿ, ಮಾತೇ ಬಾರದವರಿಗೆಲ್ಲ ದೋಣಿ ಕೊಟ್ಟರೆ ಮುಳುಗೀತು ಎಂದು ಅರ್ಜಿ ಬರೆದ. ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅಧಿಕಾರಿಗಳು ಕಣ್ಣಾರೆ ನೋಡಿ ತೀರ್ಮಾನಿಸಲು ಬಂದ ಸೋಮವಾರ ಸರದಿ ಸುಲಜಳದು. ಕಕ್ಕ ಚಿಪ್ಪು ಆಯುವವರ ಮಗಳು, ಹಾಜರಿ ಕೂಗಿದರೆ ತುಟಿ ಮಾತ್ರ ಅಲುಗಿಸುವ ಹುಡುಗಿ. ಈ ಒಂದು ದಿನ ಬೇರೆಯವರನ್ನು ಲೀಡರಾಗಿ ನಿಲ್ಲಿಸಿ, ಇಲ್ಲದಿದ್ದರೆ ಇಪ್ಪತ್ತಾರು ವರ್ಷದ್ದು ಇವತ್ತಿಗೇ ಮುಗಿಯುತ್ತದೆ ಎಂದು ಟೀಚರಿಗೆ ಹೇಳಿದ್ದೆ. ಅವರು ಲವಂಗ ಬಾಯಿಗೆ ಹಾಕಿಕೊಂಡರು.

ಈಗ ನೀರಿಗೆ ಮರಳೋಣ. ನಾನು ಬಿದ್ದದ್ದೇ ಅರ್ಧ ದೋಣಿ ಎದ್ದು ನಿಂತಿತು. ಎಲ್ಲರೂ ನನ್ನ ಕಡೆಗೇ ಬಾಗಿದರು, ಅಧಿಕಾರಿಗಳೂ ಕೈ ಚಾಚಿದರು. ದೋಣಿ ವಾಲಿತು. ಹಿಂದಿನ ತುದಿಯಿಂದ ಒಂದು ದನಿ ಬಂತು. ಅದು ಸುಲಜಳದೆಂದು ತಿಳಿಯಲು ನನಗೆ ಒಂದು ಗುಟುಕು ನೀರು ಹಿಡಿಯಿತು.

"ಯಾರೂ ಏಳ್ಬೇಡಿ. ಸಾರ್, ನೀವೂ ಕೂತ್ಕೊಳ್ಳಿ."

ಅಧಿಕಾರಿಗಳು ಕೂತರು.

"ಪಾಪ್ಪಚ್ಚಾ, ಗಳ ಮಾಷ್ ಕೈಗೆ ಕೊಡಿ."

ಗಳ ಬಂತು, ಹಿಡಿದೆ. ದೋಣಿಗೇ ಹತ್ತಲು ಹೋದೆ.

"ದೋಣಿ ಹಿಡೀಬೇಡಿ ಮಾಷೇ, ಮಗುಚತ್ತೆ. ಮೆಟ್ಲು ಹತ್ತಿ."

ಹತ್ತಿದೆ. ಅವಳು ತಲೆ ಎಣಿಸಿದಳು, ನನ್ನ ಕೊಡೆಯನ್ನು ಒಬ್ಬ ಹುಡುಗನಿಂದ ಎತ್ತಿಸಿದಳು, ನನ್ನತ್ತ ನೋಡಿದಳು.

"ಒದ್ದೆ ಆಗಿದೀರಿ, ಮುಂಡು ಹಿಂಡ್ಕೊಳ್ಳಿ. ಮುಂದಿನ ದೋಣೀಲಿ ಬನ್ನಿ. ಪಾಪ್ಪಚ್ಚಾ, ಹೊರಡಿ."

ಹೆಡ್‌ಮಾಸ್ಟರಾಗುವ ಹೊಸ್ತಿಲಲ್ಲಿದ್ದ ನನ್ನನ್ನು ಹನ್ನೆರಡು ವರ್ಷದ ಹುಡುಗಿ ದಡದಲ್ಲಿ ಬಿಟ್ಟುಹೋದಳು. ಮುಂಡು ಹಿಂಡುತ್ತ ದೋಣಿಯ ಬೆನ್ನು ನೋಡುತ್ತ ನಿಂತವನಿಗೆ ಮರ್ಯಾದೆ ಹೋದ ನೆನಪೇ ಇರಲಿಲ್ಲ. ಎದೆ ಮಾತ್ರ ಹೆಮ್ಮೆಯಿಂದ ಉಬ್ಬಿತ್ತು. ಆ ಹೆಮ್ಮೆಯಲ್ಲಿ ನನ್ನ ಪಾಲು ಏನೂ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ಮುಂದಿನ ದೋಣಿಯಲ್ಲಿ ಶಾಲೆ ತಲುಪಿದಾಗ ಅಧಿಕಾರಿಗಳು ಚಹಾ ಕುಡಿಯುತ್ತಿದ್ದರು. ಅರ್ಜಿಯನ್ನು ನನ್ನ ಮುಂದೆ ಸರಿಸಿ, ಇದರಲ್ಲಿ ನಿಮ್ಮ ಸಹಿಯೂ ಇದೆಯಲ್ಲ ಎಂದರು. ನಾನು ಪೆನ್ನು ಕೇಳಿ ಪಡೆದು ನನ್ನ ಹೆಸರು ಹೊಡೆದುಹಾಕಿದೆ. ಅವರು ಅರ್ಜಿಯನ್ನು ಮಡಚಿ, ಸರದಿ ಹೀಗೇ ನಡೆಯಲಿ ಎಂದು, ದಾಕ್ಷಾಯಣಿ ಟೀಚರ ಕಡೆ ತಿರುಗಿದರು.

"ಅಲ್ಲ ಟೀಚರೇ, ಮಾಷು ನೀರಲ್ಲಿ ಒದ್ದಾಡ್ತಿದ್ರು, ದೋಣಿ ವಾಲ್ತಿತ್ತು. ಅಷ್ಟು ಹೊತ್ತೂ ನೀವೇನು ಮಾಡ್ತಿದ್ರಿ?"

ಟೀಚರ್ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

"ಏಳ್ಬೇಡಿ ಅಂದ್ಳಲ್ಲ ಸಾರ್. ಕೂತಿದ್ದೆ."