ಫಾರೋ ದಡದಲ್ಲಿ ಸಿಕ್ಕ ಸಾಲೋಮಿನೆಯ ಮೊನೆ

ಸಾಲೋಮಿನೆಗೆ ಇಪ್ಪತ್ಮೂರು ತುಂಬಿದ ವರ್ಷ ಅಪ್ಪ ಅವಳನ್ನು ದೋಣಿಯ ಮುಂತುದಿಯಲ್ಲಿ ನಿಲ್ಲಿಸಿದ. ಪೂರ್ವ ಗ್ರೀನ್‌ಲ್ಯಾಂಡಿನ ಆ ಊರಲ್ಲಿ ವಾಲ್ರಸ್ ಬೇಟೆಗೆ ಹೆಂಗಸೊಬ್ಬಳು ಆ ಜಾಗದಲ್ಲಿ ನಿಂತದ್ದು ಅಪರೂಪ. ತಾನೇ ವಾಲ್ರಸ್ ದಂತದಲ್ಲಿ ಕೆತ್ತಿದ ಮೊನೆ ಸಿಕ್ಕಿಸಿ ಹಾರ್ಪೂನು ಈಟಿ ಎಸೆದಳು. ಮೊನೆಗೆ ಕಟ್ಟಿದ ಚರ್ಮದ ಮಿಣಿ ಬಿಗಿಯಿತು, ಪಟ್ಟನೆ ಹರಿಯಿತು. ಮುಳುಗಿದ ವಾಲ್ರಸ್ ಮತ್ತೆ ಕಾಣಲೇ ಇಲ್ಲ.

"ಎಲ್ಲಿ ತಾಗ್ತು? ಮಂಜುಗಡ್ಡೆಗೆ ಹೊಡ್ದು ಮಿಣಿ ಕಿತ್ಕೊಂಡ್ಳು," ಎಂದ ಚುಕ್ಕಾಣಿ ಹಿಡಿದಿದ್ದ ಚಿಕ್ಕಪ್ಪನ ಮಗ ಎನೋಸ್.

ಊರೆಲ್ಲ ಅದನ್ನೇ ನಂಬಿತು. ಅಪ್ಪ ತೀರಿಕೊಂಡ ಮೇಲೆ ಯಾರೂ ಅವಳನ್ನು ಬೇಟೆಗೆ ಕರೆಯಲಿಲ್ಲ. ಬಲೆ ಹಾಕಿ ಸೀಲ್ ಹಿಡಿದಳು, ಚರ್ಮ ಹದಮಾಡಿದಳು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು. ಬೇಟೆಗಾರರಿಗೆಲ್ಲ ಮೊನೆ ಕೆತ್ತಿಕೊಟ್ಟವಳೂ ಅವಳೇ. ಒಯ್ಯಲು ಬಂದಾಗಲೂ ಎನೋಸ್ ಬಿಡುತ್ತಿರಲಿಲ್ಲ.

"ಅಕ್ಕಾ, ಇದು ವಾಲ್ರಸ್‌ಗೋ, ಮಂಜುಗಡ್ಡೆಗೋ?"

ಅವಳು ನಕ್ಕು ಮೊನೆಯನ್ನು ಅವನ ಕೈಗಿಡುತ್ತಿದ್ದಳು. ಆದರೆ ಹರಿಯುವ ಮುನ್ನ ಮಿಣಿ ಅಂಗೈಯನ್ನು ಜಗ್ಗಿದ್ದನ್ನು ಅವಳು ಮರೆತಿರಲಿಲ್ಲ. ಮಂಜುಗಡ್ಡೆ ಹಾಗೆ ಜಗ್ಗುವುದಿಲ್ಲ.

ಇಪ್ಪತ್ತಾರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಅವಳು ಅಂಗಡಿಯಲ್ಲಿ ಕಾಫಿಪುಡಿ ಕೊಳ್ಳುತ್ತಿದ್ದಾಗ ಶಾಲೆಯ ಮೇಷ್ಟರು ಫೋನ್ ಹಿಡಿದು ಬಂದರು. ಸಾವಿರ ಕಿಲೋಮೀಟರಿನಾಚೆ, ಕಡಲ ನಡುವಿನ ಫಾರೋ ದ್ವೀಪದ ದಡದಲ್ಲಿ ಮುದಿ ವಾಲ್ರಸ್ಸೊಂದು ಸತ್ತು ಬಿದ್ದಿತ್ತಂತೆ. ಭುಜದಲ್ಲಿ, ಎಂದೋ ಮಾಯ್ದ ಗಾಯದಡಿ, ದಂತದ ಮೊನೆ ಸಿಕ್ಕಿತ್ತು. ಯಾರದೆಂದು ಕೇಳಿ ಅಲ್ಲಿಯವರು ಫೋಟೋ ಕಳಿಸಿದ್ದರು.

ಸಾಲೋಮಿನೆ ಕಣ್ಣು ಕಿರಿದು ಮಾಡಿ ನೋಡಿದಳು. ಮಿಣಿ ಪೋಣಿಸುವ ತೂತು ಓರೆ, ಕೊರೆಯುವಾಗ ಕೈಜಾರಿದ್ದು. ಪಕ್ಕದಲ್ಲಿ ಮೂರು ಗೀರು, ನಡುವಿನದು ಗಿಡ್ಡ. ಅವಳು ಇಂದಿಗೂ ಹಾಕುವ ಗುರುತು ಅದು. ಊರಿನ ಪ್ರತಿ ಹಾರ್ಪೂನಿನ ಮೇಲೂ ಇದೆ.

"ಲೋ ಎನೋಸ್, ಬಾರೋ ಇಲ್ಲಿ," ಎಂದು ಬ್ರೆಡ್ಡಿನ ಕಪಾಟಿನ ಹತ್ತಿರ ನಿಂತವನನ್ನು ಕೂಗಿದಳು. "ಮಂಜುಗಡ್ಡೆಗೂ ಭುಜ ಇರುತ್ತೇನೋ?"

ಎನೋಸ್ ನೋಡಿದ. ಟೋಪಿ ತೆಗೆದ, ಮತ್ತೆ ನೋಡಿದ.

"ತಾಗಿತ್ತಕ್ಕಾ. ಸರಿಯಾಗೇ ತಾಗಿತ್ತು. ನಂದೇ ತಪ್ಪು."

"ಜೋರಾಗಿ ಹೇಳೋ, ಹಿಂದಿನವ್ರಿಗೆ ಕೇಳಿಸ್ಲಿಲ್ಲ!" ಎಂದಳು ಗಲ್ಲಾದಲ್ಲಿ ಕೂತವಳು. ಅವನು ಜೋರಾಗಿಯೇ ಹೇಳಿದ. ಅಂಗಡಿಗೆ ಅಂಗಡಿಯೇ ಹೋ ಎಂದಿತು. ಸಂಜೆಯೊಳಗೆ ಸಾಲೋಮಿನೆಯ ಬಾಗಿಲಲ್ಲಿ ನೋಡಲು ಬಂದವರ ಬೂಟುಗಳ ರಾಶಿ. ಕೊಂಡ ಕಾಫಿಪುಡಿಯೆಲ್ಲ ಒಂದೇ ದಿನಕ್ಕೆ ಮುಗಿಯಿತು.

ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿ ಸಮುದ್ರ ಬಿಚ್ಚಿಕೊಂಡಾಗ ಎನೋಸನೇ ಬಂದು ಅವಳನ್ನು ತನ್ನ ದೋಣಿಗೆ ಕರೆದ.

"ಬರ್ತೀನಿ. ನೀನು ಚುಕ್ಕಾಣಿ ನೋಡ್ಕೋ, ಬಾಯಿ ಮುಚ್ಕೋ," ಎಂದಳು.

ಮೂರನೆಯ ದಿನ, ನಲವತ್ತೊಂಬತ್ತರ ಸಾಲೋಮಿನೆ ಎಸೆದ ಮೊನೆ ನಾಟಿತು, ಮಿಣಿ ತಡೆಯಿತು. ಆ ವಾರ ವಾಲ್ರಸ್ ಮಾಂಸ ಬೇಯದ ಮನೆ ಊರಲ್ಲಿ ಒಂದೂ ಇರಲಿಲ್ಲ.