ಅತ್ತೆ ಹೊರಗೆ ಕೂತ ದಿನಗಳು

ನನ್ನ ಅತ್ತೆಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಮುಟ್ಟಾಯಿತು ಎಂದು ವಠಾರವೆಲ್ಲ ನಂಬಿತ್ತು. ಮೊದಲು ನಂಬಿದವಳು ಅತ್ತೆಯೇ. ಎರಡನೆಯವಳು ನಾನು. ನನಗಾದಷ್ಟು ಸಂತೋಷ ಬೇರೆ ಯಾರಿಗೂ ಆಗಿರಲಾರದು.

ತೊಂಬತ್ತರ ದಶಕದ ಕೊನೆ. ಗುಲ್ಬರ್ಗಾ ಕಡೆಯಿಂದ ಬಂದ ನಾವು ಮೂವರು, ನಾನು, ಗಂಡ, ವಿಧವೆ ಅತ್ತೆ, ಕೆ.ಆರ್. ಪುರದ ಆರು ಕೋಣೆಗಳ ವಠಾರದಲ್ಲಿ ಒಂದು ಕೋಣೆ ಹಿಡಿದಿದ್ದೆವು. ಎಲ್ಲರಿಗೂ ಸೇರಿ ಮೂಲೆಯಲ್ಲೊಂದು ಕಕ್ಕಸು. ಊರಿನಲ್ಲಾದರೆ ಹೊರಗಾದವಳು ಕೂರಲು ಹಿತ್ತಿಲಿರುತ್ತದೆ. ಇಲ್ಲಿ ಇದ್ದದ್ದು ಬಾಗಿಲ ಮುಂದಿನ ಮೂರಡಿ ಜಗಲಿ, ಅದರ ಎದುರಿಗೇ ಜನ ಬಕೆಟ್ ಹಿಡಿದು ಓಡಾಡುವ ದಾರಿ. ಮದುವೆಯಾದಂದಿನಿಂದ ತಿಂಗಳಿಗೆ ಮೂರು ದಿನ ಅತ್ತೆ ನನ್ನನ್ನು ಅಲ್ಲೇ ಕೂರಿಸುತ್ತಿದ್ದಳು. ನನ್ನ ಮುಟ್ಟಿನ ತಾರೀಕು ಹಾಲಿನವನಿಗೂ ಗೊತ್ತಿತ್ತು. ಒಳಗಿನ ಡ್ರಮ್ಮಿನ ನೀರು ಮುಟ್ಟುವಂತಿರಲಿಲ್ಲ. ಕಕ್ಕಸಿಗೆ ಹೋಗಬೇಕೆಂದರೆ ಅವಳನ್ನು ಕೂಗಬೇಕು, ಅವಳು ಬಂದು ನನ್ನ ತಂಬಿಗೆಗೆ ಎತ್ತರದಿಂದ ನೀರು ಹೊಯ್ಯಬೇಕು. ಗಂಡ ನನ್ನನ್ನು ದಾಟಿಕೊಂಡು ಲೇತ್ ಕೆಲಸಕ್ಕೆ ಹೋಗುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ತಾನೇ ಚಾಪೆ ಸುತ್ತಿಕೊಂಡು ಹೊರಗೆ ಹೋಗಿ ಕೂತಳು. ಒಳಲಂಗದಲ್ಲಿ ರಕ್ತ ಕಂಡಿತ್ತಂತೆ. ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು. ಆದರೆ ಹೆಂಗಸಿಗೆ ಕೆಳಗೆ ರಕ್ತ ಕಂಡರೆ ಅದು ಮುಟ್ಟು, ಇನ್ನೇನೂ ಆಗಿರಲು ಸಾಧ್ಯವಿಲ್ಲ ಎಂಬುದು ಅವಳ ಶಾಸ್ತ್ರ. ಪಕ್ಕದ ಕೋಣೆಯ ತಮಿಳು ಹೆಂಗಸು, "ಏನಮ್ಮಾ, ಅಜ್ಜಿ ತಿರ್ಗಾ ಹುಡುಗಿ ಆಗ್ಬಿಟ್ರಾ?" ಎಂದು ನಕ್ಕಳು. ನಾನು ಅವಳಿಗಿಂತ ಜೋರಾಗಿ ನಕ್ಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಮಧ್ಯಾಹ್ನಕ್ಕೆ ಸೀರೆಯ ಹಿಂದೆ ಮತ್ತೆ ಕಲೆ. "ಅತ್ತೀ, ಸೀರಿ ಹಿಂದ ನೋಡ್ಕೊಳ್ರಿ!" ಎಂದು ಆರೂ ಕೋಣೆಗೆ ಕೇಳುವಂತೆ ಹೇಳಿದೆ. ಅವಳು ಚಾಪೆ ಎತ್ತಿಕೊಂಡು ಮತ್ತೆ ಜಗಲಿಗೆ ಹೋದಳು. ಮುಂದಿನ ವಾರವೂ ಇದೇ ಕಥೆ. ಗಂಡ ಒಮ್ಮೆ, "ಅವ್ವ ಇನ್ನ ಎಷ್ಟ ದಿನ ಕೂಡ್ತಾಳ?" ಎಂದು ಕೇಳಿದ. ಅವಳ ಶಾಸ್ತ್ರ ಅವಳನ್ನೇ ಕೇಳು ಎಂದೆ. ಅವನು ಕೇಳಲಿಲ್ಲ.

ಅವಳು ಕಕ್ಕಸಿಗೆ ನೀರು ಬೇಕೆಂದು ಕೂಗಿದಾಗ ನಾನು ಬೇಕೆಂದೇ ತಡ ಮಾಡುತ್ತಿದ್ದೆ. ಅನ್ನ ಬಸಿಯುವುದು ಮುಗಿಯಲಿ ಎನ್ನುತ್ತಿದ್ದೆ, ಅನ್ನ ಆಗಲೇ ಬಸಿದಾಗಿರುತ್ತಿತ್ತು. ಕೊನೆಗೆ ಅವಳು ಕೂಗುವುದನ್ನೇ ಕಡಿಮೆ ಮಾಡಿದಳು, ಅದಕ್ಕಾಗಿ ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ಮಲ ಕಟ್ಟಿತು. ಕಕ್ಕಸಿನ ಬಾಗಿಲ ಹಿಂದೆ ಅವಳು ತಿಣುಕುವುದು ಹೊರಗೆ ಸರದಿ ಕಾಯುವವರಿಗೆಲ್ಲ ಕೇಳುತ್ತಿತ್ತು.

ಹದಿನೈದು ದಿನವಾದ ಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು, "ಉಚ್ಚಿ ಹೋಗೂ ಜಾಗದಾಗ ಏನೋ ಬಾತದ. ಹುಣಸಿ ಬೀಜದಷ್ಟ ಕೈಗಿ ಹತ್ತತದ. ಉರಿ ತಡಿಲಿಕ್ಕಾಗವಲ್ದು. ಸ್ವಲ್ಪ ನೋಡ್ತೀಯೇನು?"

"ಹೊರಗಾದವ್ರನ್ನ ಮುಟ್ಟಬಾರದಂತ ನೀವೇ ಹೇಳೀರಲ್ರಿ," ಎಂದೆ.

ಆ ಕ್ಷಣದಲ್ಲಿ ನನಗೆ ನಾಚಿಕೆಯಾಗಲಿಲ್ಲ. ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು. ಉಷ್ಣ ಇರಬೇಕು ಎಂದು ಒಂದು ಹಿಡಿ ಮೆಂತ್ಯೆ ಕೊಟ್ಟು ಒಳಗೆ ಬಂದೆ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವಳು ಕಕ್ಕಸಿನಿಂದ ಗೋಡೆ ಹಿಡಿದುಕೊಂಡು ಬಂದಳು. ಒಂದು ಹನಿಯೂ ಬರುತ್ತಿಲ್ಲ ಎಂದಳು. ಹೊಕ್ಕುಳ ಕೆಳಗೆ ಹೊಟ್ಟೆ ಕಲ್ಲಾಗಿತ್ತು, ಮೈ ಸುಡುತ್ತಿತ್ತು. ಗಂಡ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ಶಾಸ್ತ್ರ ಬಿಟ್ಟು ಅವಳ ರಟ್ಟೆ ಹಿಡಿದು ಆಟೊಗೆ ಹತ್ತಿಸಿದೆ. ಹಳೇ ಮದ್ರಾಸು ರಸ್ತೆಯ ಒಂದೊಂದು ಗುಂಡಿಗೂ ಅವಳು ನನ್ನ ತೋಳಿಗೆ ಉಗುರು ಊರುತ್ತಿದ್ದಳು. ಹಲಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ತೋಳಿನಲ್ಲಿ ರಕ್ತ ಬಂದಿತ್ತು.

ಡಾಕ್ಟರು ನಡುವಯಸ್ಸಿನ ಹೆಂಗಸು. ಮುಟ್ಟು, ಮಲ ಕಟ್ಟಿದ್ದು ಎಲ್ಲವನ್ನೂ ಅತ್ತೆಯ ಬಾಯಿಂದ ಕೇಳುತ್ತಲೇ ಮೊದಲು ಕೊಳವೆ ಹಾಕಿ ಮೂತ್ರ ತೆಗೆದರು. ಆಮೇಲೆ ದೀಪ ಹತ್ತಿರ ಎಳೆದು ನೋಡಿ, "ಇಲ್ಲಿ ಬನ್ನಿ," ಎಂದು ನನ್ನನ್ನು ಕರೆದರು. ಆಗ ಮೊದಲ ಸಲ ನೋಡಿದೆ. ಮೂತ್ರದ ದಾರಿಯ ಬಾಯಿಯ ಸುತ್ತ ಮಾಂಸ ಉಂಗುರದಂತೆ ಹೊರಗೆ ಉಬ್ಬಿತ್ತು, ಒಂದು ಪಕ್ಕ ಕಪ್ಪಾಗಿತ್ತು.

"ಇದು ಮುಟ್ಟಲ್ಲಮ್ಮ, ಗರ್ಭಕೋಶದ ರಕ್ತ ಅಲ್ವೇ ಅಲ್ಲ," ಎಂದರು ಡಾಕ್ಟರು. "ಮುಟ್ಟು ನಿಂತ್ಮೇಲೆ ಅಲ್ಲಿನ ಚರ್ಮ ತೆಳ್ಳಗಾಗತ್ತೆ. ತಿಣುಕಿ ತಿಣುಕಿ ಒಳಗಿನ ಪದರ ಈಚೆ ಬರತ್ತೆ. ಕೆಂಪಗಿದ್ದಾಗ್ಲೇ ಬಂದಿದ್ರೆ ಮುಲಾಮು, ಬಿಸಿನೀರಲ್ಲಿ ಕೂರೋದು, ಚೆನ್ನಾಗಿ ನೀರು ಕುಡಿಯೋದು, ಅಷ್ಟ್ರಲ್ಲೇ ವಾಸಿ ಆಗ್ಬಹುದಿತ್ತು. ಮುಟ್ಟು ನಿಂತೋರಿಗೆ ಒಂದು ಹನಿ ರಕ್ತ ಕಂಡ್ರೂ ತೋರಿಸ್ಬೇಕು, ಅದು ಎಲ್ಲಿಂದ್ಲೇ ಬರ್ಲಿ. ಕಪ್ಪಾದ್ರೆ, ಜ್ವರ ಬಂದ್ರೆ, ಮೂತ್ರ ಕಟ್ಟಿದ್ರೆ ಅವತ್ತೇ ಓಡಿ ಬರ್ಬೇಕು. ಈಗ ಕೊಯ್ದು ತೆಗೀದೆ ಬೇರೆ ದಾರಿ ಇಲ್ಲ."

ಅಂದೇ ಕೊಯ್ದರು. ಅತ್ತೆ ಉಳಿದಳು, ಇನ್ನೂ ಎಂಟು ವರ್ಷ ಬದುಕಿದಳು. ಆದರೆ ನನ್ನ ಮಟ್ಟಿಗೆ ಆ ಕಥೆ ಕೊಯ್ಯುವುದಕ್ಕೆ ಮುಂಚೆಯೇ ಮುಗಿದಿತ್ತು.

ಡಾಕ್ಟರು ಕೈ ತೊಳೆದುಕೊಳ್ಳುತ್ತ ಅತ್ತೆಯನ್ನು ಕೇಳಿದರು, "ಮನೇಲಿ ಹೆಂಗಸರು ಯಾರೂ ಇಲ್ವೇನಮ್ಮಾ? ಒಂದ್ಸಲ ಬೆಳಕಲ್ಲಿ ನೋಡಿದ್ರೂ ಗೊತ್ತಾಗ್ತಿತ್ತು."

ನಾನು ಮಂಚದ ಪಕ್ಕದಲ್ಲೇ ಅವಳ ಸೀರೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಅತ್ತೆ ನನ್ನ ಕಡೆ ತಿರುಗಲಿಲ್ಲ. ಸಿಟ್ಟಿನಿಂದಲೂ ಹೇಳಲಿಲ್ಲ.

"ಯಾರೂ ಇಲ್ರಿ," ಎಂದಳು. "ಮಗ ಒಬ್ಬಾಂವ ಇದ್ದಾನ."

ಡಾಕ್ಟರು ನನ್ನತ್ತ ನೋಡಿದರು. "ಪಕ್ಕದ ಮನೆಯವರಾ ನೀವು? ಪುಣ್ಯ ಕಟ್ಕೊಂಡ್ರಿ. ಸ್ವಲ್ಪ ಅವ್ರ ಮಗನಿಗೆ ಫೋನ್ ಮಾಡ್ಬಿಡಿ, ಮನೆಯವ್ರ ಸಹಿ ಬೇಕು."

ನಾನು ಹೂಂ ಎಂದು ತಲೆಯಾಡಿಸಿ, ಫೋನ್ ಬೂತ್ ಹುಡುಕಿಕೊಂಡು ಹೊರಟೆ.